‘ಸ’ ಮುಗಿಯದೆ ‘ಹ’ ಇಲ್ಲ

ಗಣೇಶನ ಹಬ್ಬದ ದಿನ ಗಣೇಶನನ್ನೇ ಸರದಿಯಲ್ಲಿ ನಿಲ್ಲಿಸಿದ ಮನುಷ್ಯನನ್ನು ನೀವು ಎಲ್ಲಾದರೂ ಕಂಡಿದ್ದೀರಾ? ನಾನು ಕಂಡಿದ್ದೇನೆ. ಕಂಡಿರುವುದೇನು ಬಂತು, ಹಬ್ಬಕ್ಕೆ, ರಜೆಗೆ ಎಂದು ಯಾವಾಗಲೂ ಅವರ ಮನೆಯಲ್ಲೇ ಬಿದ್ದುಕೊಂಡಿರುತ್ತಿದ್ದೆ. ಅವರು ನನ್ನ ಸೋದರಮಾವ. ಜಯನಗರದ ಅವರ ಮನೆಯ ದೇವರ ಗೂಡಿನಲ್ಲಿ ಮೊದಲು ಅನ್ನಪೂರ್ಣೆ, ಆಮೇಲೆ ಆಂಜನೇಯ, ಆಮೇಲೆ ಈಶ್ವರ, ಅದಾದ ಮೇಲೆ ಕೃಷ್ಣ. ಇಷ್ಟು ಜನಕ್ಕೆ ಹೂವೇರಿಸಿದ ಮೇಲೆಯೇ ಗಣಪತಿಯ ಪಾಳಿ. ಮನೆಯ ಪುರೋಹಿತರು ಮೊದಲ ಸಲ ಇದನ್ನು ನೋಡಿ ಗಾಬರಿಯಾದರು.

“ಗಣಪತಿಗೆ ಮೊದಲು ಪೂಜೆ ಆಗ್ದಿದ್ರೆ ವಿಘ್ನ ಬರತ್ತೆ ಸ್ವಾಮಿ.”

“ಬರ್ಲಿ ಬಿಡಿ,” ಎಂದರು ಮಾವ. “‘ವ’ದಲ್ಲಿ ಜಾಗ ಇದೆ.”

ಮಾವನಿಗೆ ಇದ್ದ ಹುಚ್ಚು ಒಂದೇ, ಅಕಾರಾದಿ. ಅವರು ಕೆಲಸಕ್ಕಿದ್ದದ್ದು ಯಾವುದೋ ಕಚೇರಿಯ ಹಳೆಯ ಫೈಲುಗಳ ಕೋಣೆಯಲ್ಲಿ. ಅಲ್ಲಿ ಹಗಲೆಲ್ಲ ಫೈಲುಗಳನ್ನು ಅಕ್ಷರದ ಪ್ರಕಾರ ಜೋಡಿಸಿದವರು ಮನೆಗೆ ಬಂದರೆ ಸುಮ್ಮನೆ ಕೂರಬೇಕೋ ಬೇಡವೋ? ಇವರು ಮನೆಗೆ ಬಂದು ಪ್ರಪಂಚವನ್ನು ಜೋಡಿಸಲು ಶುರುಮಾಡುತ್ತಿದ್ದರು. ಒಂದೊಂದು ಕಸುಬಿನವರೂ ತಮ್ಮತಮ್ಮಲ್ಲೇ ಆಡಿಕೊಳ್ಳುವ ಮಾತುಗಳನ್ನೆಲ್ಲ ಹೆಕ್ಕಿ, ಚೀಟಿಯಲ್ಲಿ ಬರೆದು, ಅ ಇಂದ ಳ ತನಕ ಸಾಲಾಗಿ ಕೂರಿಸಿ, ಕಸುಬಿಗೊಂದರಂತೆ ನಿಘಂಟು ಮಾಡಬೇಕೆಂಬುದು ಅವರ ಆಸೆ. ದರ್ಜಿಗಳದ್ದೊಂದು, ಗಾರೆಯವರದ್ದೊಂದು, ಹೂವಿನವರದ್ದೊಂದು. ಚೀಟಿಗಳು ಚಪ್ಪಲಿ ಡಬ್ಬಗಳಲ್ಲಿ ತುಂಬಿ ಮಂಚದ ಅಡಿಯಲ್ಲಿ ಇರುತ್ತಿದ್ದವು. ಮನೆಯವರ ಚಪ್ಪಲಿಗಳು ಡಬ್ಬವಿಲ್ಲದೆ ಮಳೆಯಲ್ಲಿ ನೆನೆಯುತ್ತಿದ್ದವು.

ಸಂಜೆಯಾದರೆ ಮಾವ ಪದಗಳ ಬೇಟೆಗೆ ಹೊರಡುತ್ತಿದ್ದರು. ಜೇಬಿನಲ್ಲಿ ಚೀಟಿಯ ಕಟ್ಟು, ಕಿವಿಯ ಸಂದಿಯಲ್ಲಿ ಪೆನ್ಸಿಲ್ಲು. ದರ್ಜಿಯ ಅಂಗಡಿಗೆ ಅಂಗಿಯ ಅಳತೆ ಕೊಡುವ ನೆಪದಲ್ಲಿ ಹೋಗಿ ಕಾಜ, ಅಸ್ತರು, ಬಕ್ರಂ ಎಂದು ಬರೆದುಕೊಳ್ಳುತ್ತಾ ನಿಂತುಬಿಡುವರು. ಅಳತೆ ಕೊಟ್ಟ ಅಂಗಿ ಹೊಲಿದು ಮುಗಿದರೂ ಅದನ್ನು ತರಲು ಮರೆಯುವರು. ನಾಲ್ಕನೇ ಬ್ಲಾಕಿನ ಮಾರುಕಟ್ಟೆಯಲ್ಲಿ ಹೂವು ಕಟ್ಟುವ ಹೆಂಗಸೊಬ್ಬಳಿದ್ದಳು. ಮೊಳ, ಮಾರು, ದಿಂಡು, ಕುಚ್ಚು ಎಂದು ಇವರು ಅವಳನ್ನು ಬಿಡದೆ ಕೇಳುತ್ತಿದ್ದರೆ ಅವಳು ಒಂದು ದಿನ ದಾರವನ್ನು ಹಲ್ಲಿನಲ್ಲಿ ಕಚ್ಚಿಕೊಂಡೇ ಕೇಳಿದಳು.

“ಸಾಮಿ, ಹೂ ತಗೋತೀರೋ, ಹೆಸ್ರು ತಗೋತೀರೋ?”

“ಹೆಸ್ರು.”

“ಹೆಸ್ರಿಗೆ ಬೇರೆ ರೇಟು.”

ಆಗ ಬನಶಂಕರಿಯ ಕಡೆ ಎಲ್ಲಿ ನೋಡಿದರೂ ಮನೆಗಳು ಏಳುತ್ತಿದ್ದವು. ಮಾವನಿಗೆ ಅದೊಂದು ದೊಡ್ಡ ಸುಗ್ಗಿ. ಒಂದು ಮನೆಯ ಮುಂದೆ ಇವರು ಗಾರೆ ಮೇಸ್ತ್ರಿಯನ್ನು ಮಾತಾಡಿಸುತ್ತಾ ಕರಣೆ, ತೂಗುಗುಂಡು, ರಸಮಟ್ಟ ಎಂದು ಗಂಭೀರವಾಗಿ ಬರೆದುಕೊಳ್ಳುತ್ತಿದ್ದರು. ಅಷ್ಟರಲ್ಲಿ ಮನೆಯ ಯಜಮಾನ ಸ್ಕೂಟರಿನಲ್ಲಿ ಬಂದಿಳಿದ. ಗೋಡೆ ನೋಡುತ್ತಾ ಬರೆದುಕೊಳ್ಳುವ ಮನುಷ್ಯನನ್ನು ಕಂಡವನೇ ಬೆವರಿಬಿಟ್ಟ. ಪಾಪ, ಅವನ ಬಚ್ಚಲುಮನೆ ಪಕ್ಕದ ಸೈಟಿನೊಳಕ್ಕೆ ಸ್ವಲ್ಪ ಕಾಲು ಚಾಚಿತ್ತಂತೆ.

“ಸಾರ್, ಅದು ಮೇಸ್ತ್ರಿ ತಪ್ಪು ಸಾರ್. ನಂಗೆ ಗೊತ್ತೇ ಇರ್ಲಿಲ್ಲ.”

“ಮೇಸ್ತ್ರಿ ಆಗ್ಲೇ ಬರ್ಕೊಂಡಿದೀನಿ,” ಎಂದರು ಮಾವ, ತಲೆಯೆತ್ತದೆ. “ಈ ಬಚ್ಚಲ ಗೋಡೆ ಇದ್ಯಲ್ಲ, ಇದಕ್ಕೆ ಏನಂತಾರೆ ಹೇಳಿ.”

“ಒಡಿಸ್ಬಿಡ್ತೀನಿ ಸಾರ್.”

ಒಡೆಸಿಯೂ ಬಿಟ್ಟ! ಮರುದಿನ ಮಾವ ಹೋಗಿ ನೋಡಿದರೆ ಗೋಡೆಯ ಜಾಗದಲ್ಲಿ ಇಟ್ಟಿಗೆಯ ಗುಡ್ಡೆ. “ನಾನು ಗೋಡೆಯ ಹೆಸ್ರು ಕೇಳ್ದೆ, ಅವ್ನು ಗೋಡೆನೇ ಒಡ್ದ” ಎಂದು ರಾತ್ರಿ ಊಟಕ್ಕೆ ಕೂತಾಗ ನಿಜವಾಗಿಯೂ ನೊಂದುಕೊಂಡು ಹೇಳಿದರು. ಪಕ್ಕದ ಸೈಟಿನವರು ಮಾತ್ರ ಇಂದಿಗೂ ಆ ಅಜ್ಞಾತ ಅಧಿಕಾರಿಯ ಹೆಸರಿನಲ್ಲಿ ದೀಪ ಹಚ್ಚುತ್ತಿರಬಹುದು.

ಎಂಬತ್ತರ ದಶಕದಲ್ಲಿ ಬಿಟಿಎಂ ಲೇಔಟ್ ಎಂಬ ಹೆಸರು ಜನರ ಬಾಯಿಗೆ ಬಂತು. ಬೈರಸಂದ್ರ, ತಾವರೆಕೆರೆ, ಮಡಿವಾಳ ಮೂರೂ ಸೇರಿ ಬಿಟಿಎಂ. ಊರಿನವರೆಲ್ಲ ಅಲ್ಲಿ ಸೈಟು ಸಿಗುತ್ತದೆಯೇ ಎಂದು ವಿಚಾರಿಸುತ್ತಿದ್ದರೆ ನಮ್ಮ ಮಾವನಿಗೆ ಮಾತ್ರ ಹೊಟ್ಟೆ ಉರಿ. ಬೈರಸಂದ್ರಕ್ಕಿಂತ ಮೊದಲು ತಾವರೆಕೆರೆ ಬರಬೇಕಲ್ಲವೇ?

“ಟಿಬಿಎಂ ಅಂತ ಇಡ್ಬೇಕಿತ್ತು. ಅರ್ಜಿ ಬರೀತೀನಿ.”

ಅತ್ತೆ, ಅಂದರೆ ಮಾವನ ಹೆಂಡತಿ, ಬ್ಯಾಂಕಿನಲ್ಲಿ ಕೆಲಸದಲ್ಲಿದ್ದವರು. ಲೆಕ್ಕದ ಮನುಷ್ಯರು. ಚಪಾತಿ ಲಟ್ಟಿಸುತ್ತಲೇ ಹೇಳಿದರು. “ಟಿಬಿ ಅಂತ ಶುರುವಾಗೋ ಊರಲ್ಲಿ ಸೈಟು ಯಾರು ತಗೋತಾರೆ? ಸುಮ್ನೆ ಊಟ ಮಾಡಿ.”

ಇನ್ನು ಅಡುಗೆಮನೆಯ ಕಥೆ ಕೇಳಬೇಕು. ಅಲ್ಲಿಯೂ ಡಬ್ಬಗಳೆಲ್ಲ ಅಕಾರಾದಿಯಲ್ಲೇ ಇರತಕ್ಕದ್ದು ಎಂದು ಮಾವ ಆಜ್ಞೆ ಮಾಡಿದ್ದರು. ಕಡಲೆಬೇಳೆ, ಕರ್ಪೂರ, ಕಾಫಿಪುಡಿ. ಹೀಗಾಗಿ ಆ ಮನೆಯ ಕಾಫಿಗೆ ಕೆಲವು ದಿನ ದೇವಸ್ಥಾನದ ವಾಸನೆ ಇರುತ್ತಿತ್ತು. ಅದನ್ನು ಹೇಗೋ ಸಹಿಸಬಹುದಾಗಿತ್ತು. ಆದರೆ ‘ಸ’ದಲ್ಲಿ ಸಕ್ಕರೆ, ಸಾರಿನಪುಡಿ, ಸಾಸಿವೆ, ಸೀಗೆಪುಡಿ ಎಲ್ಲ ಒಂದೇ ಸಾಲು. ಸ್ನಾನಕ್ಕೆ ಬೇಕಾದ ಸೀಗೆಪುಡಿಗೆ ಅಡುಗೆಮನೆಯಲ್ಲಿ ಏನು ಕೆಲಸ ಎಂದು ಕೇಳುವ ಹಾಗಿಲ್ಲ. ಒಂದು ಭಾನುವಾರ ಅತ್ತೆ ನೆಂಟರ ಜೊತೆ ಮಾತಾಡುತ್ತಾ, ತಿರುಗಿ ನೋಡದೆ ಕೈ ಚಾಚಿದರು. ಕೈ ಸ್ವಲ್ಪ ಮುಂದೆ ಹೋಯಿತು. ಸಾರು ಕುದಿಯುವ ಬದಲು ನೊರೆ ಬಂದು ಉಕ್ಕಿತು. ಆವತ್ತು ಊಟ ಮಾಡಿದ ನೆಂಟರೊಬ್ಬರು, ಹೊಟ್ಟೆ ಇಷ್ಟು ಚೊಕ್ಕಟವಾಗಿದ್ದು ತಮ್ಮ ಜೀವಮಾನದಲ್ಲೇ ಇಲ್ಲವೆಂದು ಆಮೇಲೆ ಹೇಳಿಕಳಿಸಿದರು.

ಆ ಅಡುಗೆಮನೆಯಲ್ಲಿ ಒಮ್ಮೆಯೂ ಕೈತಪ್ಪದೆ ಕೆಲಸ ಮಾಡುತ್ತಿದ್ದವರು ಒಬ್ಬರೇ, ಸ್ವರ್ಣ ದೊಡ್ಡಮ್ಮ. ಅವರು ಮಾವನಿಗೆ ಅಕ್ಕ, ನನ್ನ ಅಮ್ಮನಿಗೂ ಅಕ್ಕ. ಮದುವೆಯಾಗಿ ವರ್ಷ ತುಂಬುವುದರೊಳಗೆ ಗಂಡನನ್ನು ಕಳೆದುಕೊಂಡು ತಮ್ಮನ ಮನೆಗೆ ಬಂದವರು. ಅತ್ತೆ ಬೆಳಿಗ್ಗೆ ಬ್ಯಾಂಕಿಗೆ ಹೋದರೆ ಬರುವುದು ಸಂಜೆ, ಹೀಗಾಗಿ ಮಾವನ ಒಬ್ಬಳೇ ಮಗಳು ಪದ್ಮಿ ಬೆಳೆದದ್ದು ದೊಡ್ಡಮ್ಮನ ಮಡಿಲಲ್ಲಿ. ಅವಳ ಜಡೆ, ಅವಳ ಜ್ವರ, ಅವಳ ಮಗ್ಗಿ ಎಲ್ಲವೂ ದೊಡ್ಡಮ್ಮನದೇ. ಆದರೆ ಪದ್ಮಿಯ ಹುಟ್ಟುಹಬ್ಬಕ್ಕೆ ಆರತಿ ಎತ್ತುವಾಗ ದೊಡ್ಡಮ್ಮ ಅಲ್ಲಿ ಇರುತ್ತಿರಲಿಲ್ಲ. ಅರಿಶಿನ ಸುಣ್ಣ ಕಲಸಿ ಆರತಿಯ ಕೆಂಪು ನೀರು ಮಾಡುವವರು ಅವರೇ. ತಟ್ಟೆಯನ್ನು ಬಾಗಿಲ ಮರೆಯಿಂದ ಅತ್ತೆಯ ಕೈಗೆ ಕೊಟ್ಟು, ಹಿಂದಿನ ಕೋಣೆಗೆ ಹೋಗಿ ಬತ್ತಿ ಹೊಸೆಯುತ್ತಾ ಕೂರುತ್ತಿದ್ದರು. ಯಾರೂ ಹೋಗೆಂದು ಹೇಳುತ್ತಿರಲಿಲ್ಲ. ಯಾರೂ ಬಾ ಎಂದೂ ಕರೆಯುತ್ತಿರಲಿಲ್ಲ.

ಪದ್ಮಿಗೆ ಗಿರಿನಗರದ ಕಡೆಯ ಹುಡುಗನ ಜೊತೆ ಮದುವೆ ಗೊತ್ತಾಯಿತು. ಹುಡುಗ ಸಾಧು. ಅವನ ದೊಡ್ಡಪ್ಪ ಹನುಮಂತರಾಯರು ಸಾಧು ಅಲ್ಲ. ನಿವೃತ್ತ ಹೆಡ್‌ಮಾಸ್ಟರು. ಎಲ್ಲಿ ಹೋದರೂ ಮೊದಲ ಕುರ್ಚಿ, ಮೊದಲ ಎಲೆ, ಮೊದಲ ತಾಂಬೂಲ ತಮ್ಮದೇ ಆಗಬೇಕು. ಇಂಥವರ ಹೆಸರು ‘ಹ’ದಿಂದ ಶುರುವಾಗಬೇಕೇ! ಮಾವ ಮಾಡಿಸಿದ ಲಗ್ನಪತ್ರಿಕೆಯ ಕೆಳಗೆ ಎರಡೂ ಕಡೆಯ ಹಿರಿಯರ ಹೆಸರುಗಳು ಅಕಾರಾದಿಯಲ್ಲಿ ಅಚ್ಚಾಗಿದ್ದವು. ಪತ್ರಿಕೆ ಕೈಸೇರಿದ ದಿನವೇ ಹನುಮಂತರಾಯರು ಛತ್ರಿ ಬೀಸಿಕೊಂಡು ಜಯನಗರಕ್ಕೆ ಬಂದರು.

“ಏನ್ರೀ ಇದು? ನಮ್ಮ ವಂಶಕ್ಕೆ ಹಿರಿಯ ನಾನು. ನನ್ನ ಹೆಸ್ರು ಎಲ್ಲರಿಗಿಂತ ಕೆಳಗೆ?”

“ಹಿರಿಯ ಅಂತ ಹಾಕಿದ್ರೆ ಇನ್ನೂ ಕೆಳಗೆ ಹೋಗ್ತಿದ್ರಿ,” ಎಂದರು ಮಾವ ಸಮಾಧಾನದಿಂದ. “ಹನುಮಂತ ಅಂತಿರೋದ್ರಿಂದ ‘ಹ’ದಲ್ಲಿ ನೀವೇ ಮೊದಲು.”

ಅತ್ತೆ ತಲೆಯ ಮೇಲೆ ಕೈ ಹೊತ್ತುಕೊಂಡರು. ಮದುವೆ ಮುರಿದೇಹೋಯಿತು ಎಂದು ನಾವೆಲ್ಲ ಅಂದುಕೊಂಡೆವು. ಒಳಗಿನಿಂದ ಕಾಫಿ ಬಂತು. ಹನುಮಂತರಾಯರು ಸಿಟ್ಟಿನಲ್ಲೇ ಒಂದು ಗುಟುಕು ಕುಡಿದರು, ಲೋಟವನ್ನು ಒಮ್ಮೆ ನೋಡಿದರು, ಇನ್ನೊಂದು ಗುಟುಕು ಕುಡಿದರು.

“ಅದಿರ್ಲಿ, ನನ್ನ ಮೇಲೆ ಹೆಸ್ರು ಹಾಕಿದೀರಲ್ಲ, ಸ್ವರ್ಣಮ್ಮ ಅಂತ. ಯಾರ್ರೀ ಅದು?”

“ನೀವು ಕುಡೀತಿರೋ ಕಾಫಿ ಮಾಡಿದವ್ರು.”

ಹನುಮಂತರಾಯರು ಲೋಟ ಖಾಲಿ ಮಾಡಿದರು. ಇನ್ನರ್ಧ ಲೋಟ ಸಿಗಬಹುದೇ ಎಂದು ಕೇಳಿದರು. ಹೊರಡುವಾಗ ಮಾತ್ರ ಎಚ್ಚರಿಕೆ ಕೊಟ್ಟೇ ಹೋದರು. ಪತ್ರಿಕೆ ಹಾಳಾಗಿ ಹೋಗಲಿ, ಛತ್ರದಲ್ಲಿ ಧಾರೆ ಎರೆಯಲು ಮೊದಲು ಕರೆಯಬೇಕಾದ್ದು ತಮ್ಮನ್ನೇ ಎಂದು. ಮಾವ ಆಗಲಿ ಎನ್ನಲಿಲ್ಲ, ಇಲ್ಲ ಎನ್ನಲೂ ಇಲ್ಲ. ಅದು ಒಳ್ಳೆಯ ಲಕ್ಷಣವಲ್ಲ ಎಂದು ನಮಗೆ ಗೊತ್ತಿತ್ತು.

ಮದುವೆಗೆ ಒಂದು ವಾರವಿರುವಾಗ ಪದ್ಮಿ ಹೊಸದೊಂದು ರಾಗ ತೆಗೆದಳು. ತಾಳಿ ಕಟ್ಟಿದ ಮೇಲೆ ಬಂಧುಗಳೆಲ್ಲ ಬಂದು ಹುಡುಗ ಹುಡುಗಿಯ ಕೈಮೇಲೆ ಹಾಲಿನ ಧಾರೆ ಎರೆಯುತ್ತಾರಲ್ಲ, ಅದರಲ್ಲಿ ಸ್ವರ್ಣತ್ತೆಯೂ ಇರಬೇಕು ಎಂದಳು. ನನ್ನ ಅಮ್ಮ ಬಾಗಿಲಿನ ಕಡೆ ನೋಡಿದರು. ಅತ್ತೆ ಪಾತ್ರೆ ಎತ್ತಿಡುವ ನೆಪ ಮಾಡಿಕೊಂಡರು. ಎಲ್ಲರಿಗಿಂತ ಮೊದಲು ಬೇಡವೆಂದವರು ದೊಡ್ಡಮ್ಮನೇ.

“ಹುಚ್ಚುಹುಡ್ಗಿ. ನಂಗೆ ಉಗ್ರಾಣ ನೋಡ್ಕೊಳ್ಳೋ ಕೆಲ್ಸ ಇರತ್ತೆ. ಬೀಗದ ಕೈ ಯಾರಾದ್ರೂ ಇಟ್ಕೋಬೇಕಲ್ಲ?”

“ಬೀಗ ಹಾಕಿ ಬನ್ನಿ,” ಎಂದಳು ಪದ್ಮಿ.

“ಶುಭದ ಜಾಗ ಕಣೇ ಅದು. ನಾನು ಬರಬಾರ್ದು. ನಿಂಗೇ ಒಳ್ಳೇದಲ್ಲ.”

ಪದ್ಮಿ ಅಳುತ್ತಾ ಅಪ್ಪನ ಕಡೆ ತಿರುಗಿದಳು. ಮಾವ ಮಂಚದ ಮೇಲೆ ಚೀಟಿಗಳನ್ನು ಹರಡಿಕೊಂಡು ಕೂತಿದ್ದರು. ತಲೆಯೆತ್ತದೆಯೇ ಅಕ್ಕನಿಗೆ ಹೇಳಿದರು.

“ನಿಘಂಟಲ್ಲಿ ‘ಸಾರು’ ಆದ್ಮೇಲೆ ‘ಸಾವು’, ಅದಾದ್ಮೇಲೆ ‘ಸಾಸಿವೆ’. ಸಾವಿನ ಪಕ್ಕ ಕೂತೆ ಅಂತ ಸಾಸಿವೆ ಯಾವತ್ತಾದ್ರೂ ಎದ್ದು ಹಿಂದಿನ ಕೋಣೆಗೆ ಹೋಗಿದ್ಯಾ ಅಕ್ಕ?”

“ನೀನೂ ನಿನ್ನ ಸಾಸಿವೇನೂ,” ಎಂದು ದೊಡ್ಡಮ್ಮ ಒಳಗೆ ಹೋದರು. ಮಾತು ಅಲ್ಲಿಗೆ ನಿಂತಿತು.

ಮದುವೆಯ ದಿನ ಮಾವನ ಮೊದಲ ಕಾಳಗ ನಡೆದದ್ದು ಅಡುಗೆ ಭಟ್ಟರ ಜೊತೆ. ಎಲೆಗೆ ಅನ್ನದಿಂದ ಶುರುಮಾಡಿ ಅಕಾರಾದಿಯಲ್ಲಿ ಬಡಿಸಬೇಕೆಂದು ಮಾವ, ಹಾಗೆ ಮಾಡಿದರೆ ಹೋಳಿಗೆ ಮಜ್ಜಿಗೆಯಾದ ಮೇಲೆ ಬರುತ್ತದೆ, ತಾನು ಸೌಟು ಇಲ್ಲೇ ಇಟ್ಟು ಹೋಗುತ್ತೇನೆಂದು ಭಟ್ಟರು. ಅತ್ತೆ ಮಧ್ಯೆ ಬಂದು ಭಟ್ಟರನ್ನು ಗೆಲ್ಲಿಸಿದರು. ಸೋತ ಮಾವ ಎಲ್ಲಿ ಸೇಡು ತೀರಿಸಿಕೊಂಡರು ಗೊತ್ತೇ? ಮೈಕಿನಲ್ಲಿ!

ತಾಳಿ ಕಟ್ಟಿದ್ದಾಯಿತು. ಧಾರೆಗೆ ಮಾವ ಮತ್ತು ಅತ್ತೆ ಎರೆದದ್ದಾಯಿತು. ಅದಾದ ಕೂಡಲೇ ಮಾವ ನಾಗಸ್ವರದವರ ಮುಂದಿದ್ದ ಮೈಕನ್ನು ಎಳೆದುಕೊಂಡು ಕರೆಯಲು ಶುರುಮಾಡಿದರು. “ಅನಸೂಯಮ್ಮ.” ಅನಸೂಯಮ್ಮ ಎದ್ದರು. ಜೊತೆಗೆ ಅವರ ಗಂಡ ವೆಂಕಟಾಚಲಯ್ಯನವರೂ ಎದ್ದರು. ಮಾವ ಮೈಕಿನಲ್ಲೇ ತಡೆದರು.

“ನೀವು ಕೂತ್ಕೊಳ್ಳಿ. ನಿಮ್ಮದು ಇನ್ನೂ ದೂರ ಇದೆ.”

“ದಂಪತಿ ಒಟ್ಟಿಗೆ ಎರೀಬೇಕಲ್ವಾ?” ಎಂದರು ಪುರೋಹಿತರು.

“ಗಂಡ ‘ಗ’, ಹೆಂಡ್ತಿ ‘ಹ’. ನಾನೇನ್ ಮಾಡ್ಲಿ?”

ಛತ್ರದಲ್ಲಿ ನಗುವೋ ನಗು. ಮೊದಮೊದಲು ಗೊಣಗಿದ ಜನ ಆಮೇಲೆ ಈ ಏರ್ಪಾಡಿನ ಸುಖವನ್ನು ಕಂಡುಕೊಂಡರು. ‘ರ’ದವರು, ‘ಲ’ದವರು ಮೂಲೆಯ ಹೋಟೆಲಿಗೆ ಹೋಗಿ ಕಾಫಿ ಕುಡಿದು ಬಂದರು. ಬಂದವರೆಲ್ಲ ಬಾಗಿಲಲ್ಲಿ ಕೇಳುವುದು ಒಂದೇ, “ನಾರಾಯಣ ಬಂತಾ?” “ಇನ್ನೂ ಗೋವಿಂದ.” ಹನುಮಂತರಾಯರು ಮಾತ್ರ ಜರತಾರಿ ಶಲ್ಯ ಹೊದ್ದು ಮಂಟಪದ ಮೆಟ್ಟಿಲಿಗೆ ಅಂಟಿಕೊಂಡು ನಿಂತಿದ್ದರು. ಕೂರಲು ಕುರ್ಚಿ ಕೊಟ್ಟರೂ ಕೂರಲಿಲ್ಲ. ಅವರ ಮುಖ ನೋಡಿದರೆ ಹೆಣ್ಣಿನ ಕಡೆಯವರೆಲ್ಲರನ್ನೂ ಬೆಂಚಿನ ಮೇಲೆ ನಿಲ್ಲಿಸುವ ಯೋಚನೆಯಲ್ಲಿದ್ದ ಹಾಗಿತ್ತು.

ನಾನು ಆಗ ಉಗ್ರಾಣದಲ್ಲಿದ್ದೆ. ತಾಂಬೂಲದ ಚೀಲಕ್ಕೆ ತೆಂಗಿನಕಾಯಿ ಹಾಕುವ ಕೆಲಸ ನನ್ನದು, ವೀಳ್ಯದೆಲೆ ಒರೆಸಿ ಜೋಡಿಸುವ ಕೆಲಸ ದೊಡ್ಡಮ್ಮನದು. ಅರ್ಧ ತೆರೆದ ಬಾಗಿಲಿನಿಂದ ಮಂಟಪದ ಒಂದು ಮೂಲೆ ಕಾಣುತ್ತಿತ್ತು. ಮಾವನ ದನಿ ಮೈಕಿನಲ್ಲಿ ‘ವ’ ದಾಟಿತು, ‘ಶ’ ದಾಟಿತು. ಸರೋಜ, ಸಾವಿತ್ರಿ, ಸುಬ್ಬರಾಯ. ಆಮೇಲೆ, “ಸ್ವರ್ಣಮ್ಮ.”

ದೊಡ್ಡಮ್ಮನ ಕೈ ಒಂದು ಎಲೆಯ ಮೇಲೆ ನಿಂತಿತು. “ಇವ್ನಿಗೆ ತಲೆ ಕೆಟ್ಟಿದೆ,” ಎಂದು ಮತ್ತೆ ಒರೆಸತೊಡಗಿದರು. ಒರೆಸಿದ ಎಲೆಯನ್ನೇ ಒರೆಸುತ್ತಿದ್ದರು.

“ಸ್ವರ್ಣಮ್ಮ,” ಎಂದಿತು ಮೈಕು.

ಛತ್ರದ ಗದ್ದಲ ಸ್ವಲ್ಪ ಸ್ವಲ್ಪವೇ ಇಳಿಯಿತು. ನನ್ನ ಅಮ್ಮ ಮಂಟಪದ ಹತ್ತಿರ ಹೋಗಿ ಪಿಸುಗುಟ್ಟಿದ್ದೂ ಮೈಕಿನಲ್ಲಿ ಎಲ್ಲರಿಗೂ ಕೇಳಿಸಿತು.

“ಮುಂದಕ್ಕೆ ಓದೋ.”

“ಮುಂದೆ ‘ಹ’. ‘ಸ’ ಇನ್ನೂ ಮುಗಿದಿಲ್ಲ.”

“ಜನ ಹಸ್ಕೊಂಡಿದಾರೆ ಕಣೋ.”

“ಹಸಿವೂ ‘ಹ’ನೇ.”

ಈ ಸಲ ಯಾರೂ ನಗಲಿಲ್ಲ. ಪುರೋಹಿತರು ಕೆಮ್ಮಿದರು. ಪದ್ಮಿ ಹಸೆಯ ಮೇಲೆ ಕೈ ಜೋಡಿಸಿಕೊಂಡೇ ಕೂತು ಉಗ್ರಾಣದ ಬಾಗಿಲನ್ನೇ ನೋಡುತ್ತಿದ್ದಳು. ದೊಡ್ಡಮ್ಮನನ್ನು ಕೈಹಿಡಿದು ಎಬ್ಬಿಸಬೇಕೆಂದು ನನಗೆ ಆಸೆ, ಎಬ್ಬಿಸಿದ ಮೇಲೆ ಯಾರಾದರೂ ಏನಾದರೂ ಅಂದುಬಿಟ್ಟರೆ ಎಂದು ಭಯ. ಗಂಡಿನ ಕಡೆಯವರು ಎದ್ದು ಹೋದರೆ ಏನು ಗತಿ?

ಬಾಗಿಲಲ್ಲಿ ಜರತಾರಿ ಶಲ್ಯ ಕಾಣಿಸಿತು. ಹನುಮಂತರಾಯರು! ಮುಗಿಯಿತು ಕಥೆ ಎಂದುಕೊಂಡೆ. ಅವರು ಹೊಸ್ತಿಲಾಚೆಯೇ ನಿಂತು, ತೆಂಗಿನಕಾಯಿಯ ರಾಶಿಯ ನಡುವೆ ಕೂತಿದ್ದ ದೊಡ್ಡಮ್ಮನನ್ನು ನೋಡಿದರು. ಅವರ ಬರಿಯ ಹಣೆಯನ್ನೂ ನೋಡಿದರು. ಕರೆದರೂ ಯಾಕೆ ಬರಲಿಲ್ಲವೆಂದು ಆಗ ಅವರಿಗೆ ತಿಳಿದಿರಬೇಕು.

“ಸ್ವರ್ಣಮ್ಮ ಅಂದ್ರೆ ನೀವೇನಮ್ಮಾ?”

ದೊಡ್ಡಮ್ಮ ಎದ್ದು ನಿಂತು ಸೆರಗು ಹೊದ್ದುಕೊಂಡರು. “ತಪ್ಪು ತಿಳ್ಕೋಬೇಡಿ. ನಾನು ಬರೋ ಹಾಗಿಲ್ಲ. ನಿಮಗೇ ಗೊತ್ತಾಗತ್ತೆ.”

ಹನುಮಂತರಾಯರು ಶಲ್ಯವನ್ನು ಈ ಹೆಗಲಿನಿಂದ ಆ ಹೆಗಲಿಗೆ ಹಾಕಿಕೊಂಡರು.

“ಗೊತ್ತಾಯ್ತು. ಆದ್ರೆ ನಿಮ್ಮ ತಮ್ಮ ಎಂಥೋರು ಅಂತ ನಿಮಗೂ ಗೊತ್ತು. ನೀವು ಬರ್ದೆ ನನ್ನ ಕರಿಯಲ್ಲ ಆ ಮನುಷ್ಯ. ಬೆಳಿಗ್ಗೆಯಿಂದ ನಿಂತು ಕಾಲು ಬಿದ್ದೋಗಿದೆ. ಬನ್ನಿ ತಾಯಿ, ನಿಮ್ಮ ಹಿಂದೆ ನಾನಿದೀನಿ.”

ಆದರೂ ದೊಡ್ಡಮ್ಮ ಕದಲಲಿಲ್ಲ. ಎಷ್ಟೋ ವರ್ಷ ಬಾಗಿಲ ಮರೆಯಲ್ಲೇ ನಿಂತ ಕಾಲು, ಒಬ್ಬರು ದೊಡ್ಡ ಮನಸ್ಸು ಮಾಡಿದ ಮಾತ್ರಕ್ಕೆ ಏಳುತ್ತದೆಯೇ? ಆಗ ಮೈಕಿನಲ್ಲಿ ಮತ್ತೆ ಮಾವನ ದನಿ ಬಂತು. ಈ ಸಲ ಹೆಸರು ಕರೆಯಲಿಲ್ಲ.

“ಅಕ್ಕಾ,” ಎಂದರು. “ಬಾ ಅಕ್ಕಾ.”

‘ಸ’ ಆದ ಮೇಲೆ ‘ಅ’! ದೇವರನ್ನೇ ಸರದಿಯಲ್ಲಿ ನಿಲ್ಲಿಸಿದ ಮನುಷ್ಯ ಸರದಿ ತಪ್ಪಿ ಕರೆದದ್ದನ್ನು ನಾನು ಕೇಳಿದ್ದು ಅದೊಂದೇ ಸಲ. ದೊಡ್ಡಮ್ಮ ವೀಳ್ಯದೆಲೆಯನ್ನು ಕೆಳಗಿಟ್ಟರು. ಕೈಯನ್ನು ಸೆರಗಿಗೆ ಒರೆಸಿಕೊಂಡು, ಬೀಗದ ಕೈಯನ್ನು ನನ್ನ ಕೈಗೆ ಕೊಟ್ಟು, ನೆಲ ನೋಡುತ್ತಾ ಹೊರಗೆ ನಡೆದರು. ಹನುಮಂತರಾಯರು ಹಿಂದೆ. ಅವರ ಹಿಂದೆ ನಾನು, ಬೀಗ ಹಾಕುವುದನ್ನೂ ಮರೆತು.

ದೊಡ್ಡಮ್ಮ ಧಾರೆ ಎರೆಯುವಾಗ ತಂಬಿಗೆ ಹೆಚ್ಚು ಬಗ್ಗಿ ಹಾಲು ಪದ್ಮಿಯ ಮೊಣಕೈವರೆಗೂ ಹರಿಯಿತು. ಪದ್ಮಿ ಕೈ ಸರಿಸಲಿಲ್ಲ, ಒರೆಸಿಕೊಳ್ಳಲೂ ಇಲ್ಲ. ಹುಡುಗ ತಲೆಬಾಗಿದ. ನನ್ನ ಅಮ್ಮ ಅಳುತ್ತಿದ್ದರು, ಅತ್ತೆ ಅಳುತ್ತಿದ್ದರು, ನಾನೂ ಅಳುತ್ತಿದ್ದೆ. ಛತ್ರದಲ್ಲಿ ಯಾರೋ ಒಬ್ಬಿಬ್ಬರು ಗುಸುಗುಟ್ಟಿರಬಹುದು. ನನಗೆ ಕೇಳಿಸಲಿಲ್ಲ.

ಇನ್ನು ಮುಂದಿನ ಹೆಸರು ಓದಬೇಕು. ಮಾವ ಮೈಕು ಹಿಡಿದುಕೊಂಡು ಬಾಯಿ ತೆರೆದರು, ದನಿ ಬರಲಿಲ್ಲ. ಕೈಯಲ್ಲಿದ್ದ ಚೀಟಿಯನ್ನು ಕಣ್ಣಿಗೆ ಅಡ್ಡ ಹಿಡಿದು ಗೋಡೆಯ ಕಡೆ ತಿರುಗಿಬಿಟ್ಟರು. ಹನುಮಂತರಾಯರು ಒಂದು ಗಳಿಗೆ ನೋಡಿದರು. ಆಮೇಲೆ ಮೆಲ್ಲಗೆ ಮಾವನ ಪಕ್ಕಕ್ಕೆ ಬಂದು, ಒಂದು ಕೈಯನ್ನು ಅವರ ಬೆನ್ನ ಮೇಲಿಟ್ಟು, ಮೈಕಿನ ಮೇಲೆ ಬಗ್ಗಿ, “ಹನುಮಂತರಾಯ” ಎಂದು ತಮ್ಮನ್ನು ತಾವೇ ಕರೆದುಕೊಂಡು, ಹೋಗಿ ಧಾರೆ ಎರೆದರು.